ಲಾರಿ, ಪಟ್ಟಿ ಮತ್ತು ಬೆಂಜಾಲ್ಡಿಹೈಡ್

ರಮಾಮಣಿಯವರು ಹನ್ನೊಂದು ವರ್ಷಗಳಲ್ಲಿ ಆರು ಊರುಗಳನ್ನು ಗೆದ್ದವರು. ಗಂಡ ವೆಂಕಟಾಚಲ ವಿಮಾ ಕಚೇರಿಯ ಗುಮಾಸ್ತ. ವರ್ಗದ ಆದೇಶ ಅವರದು, ದಂಡಯಾತ್ರೆ ಇವರದು. ಸಾಮಾನು ಲಾರಿ ಹತ್ತುವಾಗ ಒಂದು ಪಟ್ಟಿ, ಇಳಿದ ಮೇಲೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಹಿಡಿದು, ಮಂಚದ ಕಾಲು ಯಾರ ಕೈಯಲ್ಲಿ ಮುರಿಯಿತೆಂದು ನಿಂತಲ್ಲೇ ತೀರ್ಪು ಕೊಡುತ್ತಿದ್ದರು.

ಧಾರವಾಡದಲ್ಲಿ ಮದುವೆಗಾಗಿ ಬಿಟ್ಟಿದ್ದ ಬಿ.ಎಸ್ಸಿ.ಯನ್ನು ಅವರು ೧೯೬೬ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ವಡೋದರಾದಲ್ಲಿ ಮತ್ತೆ ಹಿಡಿದರು. ಪಾಸಾದರೆ ಯಾವ ಊರಿಗೆ ಹೋದರೂ ಶಾಲೆಯಲ್ಲಿ ಕಲಿಸಬಹುದು. ಬರೀ ಸಾಮಾನಿನ ಹಿಂದೆ ಹೋಗಬೇಕಿಲ್ಲ. ಲಿಖಿತ ಪರೀಕ್ಷೆ ಮುಗಿಯಿತು. ಉಳಿದದ್ದು ಮೌಖಿಕ: ಚೀಟಿಯಲ್ಲಿನ ರಸಾಯನ ಸಮೀಕರಣ ಯಾವ ವಿಜ್ಞಾನಿಯ ಹೆಸರಿನ ಕ್ರಿಯೆಯೆಂದು ಗುರುತಿಸಬೇಕು. ಅಷ್ಟರಲ್ಲಿ ಸೂರತ್‌ಗೆ ವರ್ಗ ಬಂತು.

"ನಾ ಕದಲಂಗಿಲ್ಲ ನೋಡ್ರಿ," ಎಂದರು ರಮಾಮಣಿ.

"ಕದಲಬ್ಯಾಡ. ಒಂದು ಹಾಸಿಗಿ ಕಟ್ಟಿಕೊಡು, ನಾ ಒಬ್ಬನ ಹೋಗ್ತೀನಿ," ಎಂದರು ವೆಂಕಟಾಚಲ.

ಮಹನೀಯರ ಹೆಸರುಗಳನ್ನು ಬಾಯಿಪಾಠ ಮಾಡುವವರು ಮಾಡಲಿ, ರಮಾಮಣಿಗೆ ತಮ್ಮದೇ ಶಸ್ತ್ರವಿತ್ತು. ಸಮೀಕರಣದ ಬಾಣದ ಎಡಗಡೆ ಲಾರಿ ಹತ್ತಿದ್ದು, ಬಲಗಡೆ ಇಳಿದದ್ದು. ಅಮೈಡ್ ಹತ್ತಿ ಅಮೀನ್ ಇಳಿಯಿತೇ, ಒಂದು ಕಾರ್ಬನ್ ಕಾಣೆಯೇ? ಹಾಫ್‌ಮನ್ ಸಾಹೇಬರ ಕೈವಾಡ!

ಮೌಖಿಕದ ದಿನ ಪರೀಕ್ಷಕರು ಚೀಟಿ ಮುಂದಿಟ್ಟರು. ಕಾಸ್ಟಿಕ್ ಸೋಡಾದಲ್ಲಿ ಎರಡು ಬೆಂಜಾಲ್ಡಿಹೈಡ್ ಅಣುಗಳು ಹತ್ತಿದ್ದವು. ಒಂದು ಆಲ್ಕೊಹಾಲ್, ಒಂದು ಆಮ್ಲದ ಲವಣ ಇಳಿದಿದ್ದವು. ಕಾರ್ಬನ್ ಒಂದೂ ಕಾಣೆಯಾಗಿಲ್ಲ, ಹೊಸದೂ ಸೇರಿಲ್ಲ. ಹನ್ನೊಂದು ವರ್ಷದ ಯುದ್ಧತಂತ್ರ ಬೆವರಿತು.

"ಹೇಳಿ ಬೆನ್," ಎಂದು ಗುಜರಾತಿ ರೀತಿಯಲ್ಲಿ ಅಕ್ಕನೆಂದು ಕರೆದರು ಪರೀಕ್ಷಕರು, ಗಡಿಯಾರ ನೋಡುತ್ತ.

ರಮಾಮಣಿ ಈ ಸಲ ಹೈಡ್ರೋಜನ್‌ಗಳನ್ನು ಎಣಿಸಿದರು.

"ಮನೆಯಿಂದ ಏನೂ ಹೋಗಿಲ್ಲ ಸರ್. ಒಬ್ಬರು ತಮ್ಮದನ್ನು ಇನ್ನೊಬ್ಬರಿಗೆ ಕೊಟ್ಟಿದ್ದಾರೆ... ಕ್ಯಾನಿಜಾರೊ!"

"ಶಾಬಾಶ್, ಪಾಸ್!"

ಹೊರಗೆ ಮೆಟ್ಟಿಲ ಮೇಲೆ, ಸೂರತ್‌ನಿಂದ ಬೆಳಗಿನ ರೈಲಿಗೆ ಬಂದಿದ್ದ ವೆಂಕಟಾಚಲ ಉಗುರು ಕಚ್ಚುತ್ತ ಕೂತಿದ್ದರು. ಹೆಂಡತಿಯ ಮುಖ ನೋಡಿದ್ದೇ ಅವರ ಬೆರಳು ಬಾಯಿಂದ ಹೊರಬಂತು. "ಚೀಟ್ಯಾಗ ಯಾರು ಸಿಕ್ಕಿದ್ರು?"

"ಕ್ಯಾನಿಜಾರೊ."

"ಅಂದ್ರ ಏನು? ನನಗೂ ಒಂಚೂರು ಹೇಳು."

ರಮಾಮಣಿ ಅವರ ಪಕ್ಕ ಕೂತು, ಧೂಳಿನಲ್ಲಿ ಬೆರಳಿಂದ ಎರಡು ಷಟ್ಕೋನ ಬರೆದರು. ಒಂದು ಇನ್ನೊಂದಕ್ಕೆ ಹೈಡ್ರೋಜನ್ ಕೊಡುವುದನ್ನು ವಿವರಿಸಿದರು.

"ಕೊಟ್ಟವ ಏನಾದ?"

"ಆಮ್ಲ."

"ಕೊಟ್ಟೂ ಕೊಟ್ಟು ಹುಳಿ ಆದ್ನೇನ? ಇದು ಯಾವ ನ್ಯಾಯ?"

"ಪಾಠದ ನಡುವ ಮಾತಾಡಬ್ಯಾಡ್ರಿ," ಎಂದರು ಮೇಡಂ.

ವೆಂಕಟಾಚಲ ಟೋಪಿ ತೆಗೆದು, ಕೈಕಟ್ಟಿ, ನೆಟ್ಟಗೆ ಕೂತರು.