ಆರ್ಲನ್ ವೊಬೊರಿಲ್‌ನ ಹತ್ತು ಗಜ

ನಮ್ಮ ಕೌಂಟಿಯಲ್ಲಿ ಭೂಮಿ ಒಂದಂಗುಲ ಕುಗ್ಗಿದರೂ ಮೊದಲು ಗೊತ್ತಾಗುವುದು ಆರ್ಲನ್ ವೊಬೊರಿಲ್‌ಗೆ, ಎರಡನೆಯದಾಗಿ ನನಗೆ, ಆಮೇಲೆ ಭೂಮಿಗೆ. ಡ್ರೈಫೋರ್ಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟದಲ್ಲಿ, ಮೂವತ್ತೊಂದು ವರ್ಷ ಅಳತೆ ಸರಪಳಿಯ ಒಂದು ತುದಿಯ ಕೋಲು ಹಿಡಿದವನು ಅವನು, ಇನ್ನೊಂದು ತುದಿಯದು ನಾನು. ನಡುವೆ ಹತ್ತು ಗಜ. ನಾಲ್ಕು ಓಟದೊಳಗೆ ಚೆಂಡು ಅಷ್ಟು ಮುಂದೆ ಹೋದರೆ ಮತ್ತೆ ನಾಲ್ಕು ಓಟ ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಹೀಗಾಗಿ ಇಡೀ ಊರಿನ ಶನಿವಾರ ನಮ್ಮಿಬ್ಬರ ಕೈಯಲ್ಲಿತ್ತು.

ಆರ್ಲನ್ ಹಂದಿ ಸಾಕುವವನು. ಬಾಯಲ್ಲಿ 'ಸುಮಾರು' ಎಂಬ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಮದುವೆಯ ದಿನ ಪಾದ್ರಿಗಳು "ಕೊನೇ ತನಕ ಇವಳ ಜೊತೆ ಇರ್ತೀಯಾ?" ಅಂದಾಗ, "ಎಷ್ಟು ಗಂಟೆಯಿಂದ ಲೆಕ್ಕ?" ಎಂದು ಕೇಳಿದನಂತೆ. ಇದನ್ನು ಹೇಳಿದವಳು ಅವನ ಹೆಂಡತಿ ಲವೊನ್. ಅವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ.

ಪ್ರತಿ ಶುಕ್ರವಾರ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನೂ ಅವನೇ, ಅದೇ ಸರಪಳಿ ಹಾಸಿ ಅಳೆದು.

ತಂಡದ ವಿಷಯ ಹೇಳುವಂಥದ್ದೇನೂ ಇರಲಿಲ್ಲ. ಕೋಚ್ ಬರ್ನೆಲ್‌ಗೆ ಗೊತ್ತಿದ್ದದ್ದು ಒಂದೇ ಪಟ್ಟು: ಚೆಂಡನ್ನು ಟ್ರೆಂಟ್ ಹಾಸ್ಕೆಯ ಹೊಟ್ಟೆಗೆ ತುರುಕಿ ನಡುವೆ ನುಗ್ಗಿಸುವುದು. ಟ್ರೆಂಟ್ ಬಾಗಿಲಲ್ಲಿ ನಿಂತರೆ ಒಳಗಿದ್ದವರು ದೀಪ ಹಚ್ಚಬೇಕು, ಅಷ್ಟು ದೊಡ್ಡ ಹುಡುಗ. ಒಬ್ಬ ಜೋತುಬಿದ್ದರೂ ಮೂರು ಗಜ ಹೋಗುತ್ತಿದ್ದ, ಹನ್ನೊಂದು ಜನ ಜೋತುಬಿದ್ದರೂ ಮೂರು ಗಜ. ಎದುರಿಗೆ ಯಾರೂ ಇಲ್ಲದಿದ್ದರೆ ಮೂರು ಗಜ ಹೋಗಿ ತಾನೇ ಮಲಗುತ್ತಿದ್ದ. ಮೂರು ಓಟಕ್ಕೆ ಒಂಬತ್ತು ಗಜ. ನಾಲ್ಕನೆಯ ಸಲ ಬರ್ನೆಲ್ ಚೆಂಡನ್ನು ದೂರ ಒದೆಸಿ ಎದುರಾಳಿಗೆ ಒಪ್ಪಿಸಿಬಿಡುತ್ತಿದ್ದ. ಅವನಿಗಿಂತ ಮುಂಚೆ ಕೋಚ್ ಆಗಿದ್ದ ಅವನಪ್ಪನೂ ಹಾಗೇ ಮಾಡುತ್ತಿದ್ದ. ಹೀಗೆ ಒಂದು ಗಜದ ಕೊರತೆಯಲ್ಲಿ ಎರಡು ತಲೆಮಾರು ಸೋತೆವು.

ಆ ವರ್ಷ ಜುಲೈಯಲ್ಲಿ ನನ್ನ ಪಿಕಪ್ ಗಾಡಿ ಚರಂಡಿಗೆ ಇಳಿಯಿತು. ಎಳೆಯಲು ಬೇರೇನೂ ಸಿಗದೆ ಆರ್ಲನ್ ಆ ಸರಪಳಿಯನ್ನೇ ತಂದ. ಗಾಡಿ ಮೇಲೆ ಬಂತು, ಸರಪಳಿ ತುಂಡಾಯಿತು. ಸಿಕ್ಕ ತುಂಡುಗಳನ್ನು ಕೆಸರಿನಿಂದ ಹೆಕ್ಕಿ ಅವನು ಬೆಸುಗೆ ಹಾಕಿದ. ನಾನು ಎತ್ತಿ ನೋಡಿ, "ಕಣ್ಣಳತೆಗೆ ಸರಿಯಾಗಿದೆ" ಎಂದೆ.

ಸೆಪ್ಟೆಂಬರಿನಲ್ಲಿ ಪವಾಡ ಶುರುವಾಯಿತು. ಟ್ರೆಂಟ್ ಮೂರು ಸಲ ನುಗ್ಗಿದರೆ ಸಾಕು, ಹತ್ತು ಗಜ ಭರ್ತಿ. ಎದುರಾಳಿಗಳ ಕೈಗೆ ಚೆಂಡೇ ಸಿಗದೆ ಅವರು ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ತಿಂದರು. ಒಂದು ತಂಡದವರು ತಕರಾರು ತೆಗೆದಾಗ ರೆಫರಿ ಸರಪಳಿಯನ್ನು ಗೆರೆಗಳ ಮೇಲಿಟ್ಟು ಅಳೆದ: ಕೂದಲಷ್ಟೂ ವ್ಯತ್ಯಾಸವಿಲ್ಲ. ಆಮೇಲೆ ಗೆರೆಗಳನ್ನು ಸರಪಳಿಯಿಂದ ಅಳೆದ: ಅದೂ ಸರಿ. ಆರ್ಲನ್‌ನ ಕ್ಷಮೆ ಕೇಳಿ ಹೋದ. ಮೈದಾನದ ಪೂರ್ವದಲ್ಲಿ ಆ ವರ್ಷ ಅದೇನೋ ಹನ್ನೆರಡು ಗಜ ಜಾಗ ಉಳಿದಿತ್ತು. ಬ್ಯಾಂಡಿನವರು ಅಲ್ಲಿ ನಿಂತು ಕಹಳೆ ಊದಿದರು. ಜಾಗ ಎಲ್ಲಿಂದ ಬಂತೆಂದು ಒಬ್ಬನೂ ಕೇಳಲಿಲ್ಲ.

ಹೊರಗೆ ಆಡಿದ್ದನ್ನೆಲ್ಲ ಸೋತೆವು. ಅಲ್ಲಿಯ ಹುಲ್ಲು ಸರಿಯಿಲ್ಲ ಎಂದುಕೊಂಡೆವು. ಮನೆಯಂಗಳದಲ್ಲಿ ನಾಲ್ಕಕ್ಕೆ ನಾಲ್ಕು ಗೆದ್ದೆವು. ಕೊನೆಯ ಪಂದ್ಯವೂ ಮನೆಯಲ್ಲೇ. ಉಳಿದ ತಂಡಗಳೂ ಒಂದನ್ನೊಂದು ಸೋಲಿಸಿಕೊಂಡು ಹಿಂದೆ ಬಿದ್ದಿದ್ದವು, ಹಾಗಾಗಿ ಗೆದ್ದರೆ ನಲವತ್ತನಾಲ್ಕು ವರ್ಷಕ್ಕೆ ಮೊದಲ ಕಪ್. ಊರಿನ ಕ್ಷೌರಿಕ ಆ ಶನಿವಾರದ ಎರಡು ಶವಸಂಸ್ಕಾರಗಳನ್ನು ಸೋಮವಾರಕ್ಕೆ ಮುಂದೂಡಿಸಿದ, ಹೆಣಗಳಿಗೆ ಕ್ಷೌರ ಮಾಡಲು ಪುರುಸೊತ್ತಿಲ್ಲವೆಂದು.

ಗುರುವಾರ ಆರ್ಲನ್ ಹಂದಿಗೂಡಿಗೆ ಬೇಲಿ ಕಟ್ಟಿದ. ಮೈದಾನದ ಸರಪಳಿಯಿಂದಲೇ ಅಳೆದಿದ್ದ, ಸುತ್ತಳತೆ ಹತ್ತು ಸರಪಳಿ. ನೂರು ಗಜ ತಂತಿ ತಂದಿದ್ದ. ಕಟ್ಟಿ ಮುಗಿದ ಮೇಲೆ ಹತ್ತು ಗಜ ಉಳಿಯಿತು. ಪ್ರಾಮಾಣಿಕ ಮನುಷ್ಯ, ಅಂಗಡಿಗೆ ವಾಪಸು ಕೊಡಲು ಹೋದ.

"ನಾನು ಹೆಚ್ಚಿಗೆ ಕೊಟ್ಟೆನಾ?" ಅಂಗಡಿಯವನಿಗೆ ಅವಮಾನವಾಯಿತು. "ಈ ಮಾತು ಹೊರಗೆ ಹೋದ್ರೆ ನನ್ನ ಗತಿಯೇನು? ತಗೋ ಟೇಪು, ಅಳೆ."

ಆರ್ಲನ್ ಅಳೆದ. ತಂತಿ ಸರಿಯಿತ್ತು. ಸರಪಳಿ ಒಂಬತ್ತು ಗಜವಿತ್ತು.

ನನ್ನ ಮನೆಗೆ ಬಂದು ಹೇಳಿದಾಗ ಅವನ ಮುಖ ಸುಣ್ಣದ ಹಾಗಿತ್ತು. "ಇಡೀ ಮೈದಾನ ಗಿಡ್ಡ ಕಣೋ. ಎರಡು ತಿಂಗಳು ಆ ತುದಿಯಲ್ಲಿ ಕೋಲು ಹಿಡಿದಿದ್ಯಲ್ಲ, ನಿನಗೂ ಗೊತ್ತಾಗಲಿಲ್ವಾ?"

"ನೀನು ಈ ವರ್ಷ ಸ್ವಲ್ಪ ಚೆನ್ನಾಗಿ ಕಾಣಿಸ್ತಿದ್ದೆ," ಎಂದೆ. "ಕನ್ನಡಕದ ಗುಣ ಅಂದ್ಕೊಂಡಿದ್ದೆ."

ಇಬ್ಬರೂ ಕೆಫೆಗೆ ಹೋದೆವು. ಬರ್ನೆಲ್ ದಾಲ್ಚಿನ್ನಿಯ ಸಿಹಿ ರೋಲನ್ನು ಚಿಲಿ ಎಂಬ ಖಾರದ ಮಾಂಸದ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದ. ಕೇಳಿದ ಮೇಲೆ ಅದ್ದುವುದನ್ನು ನಿಲ್ಲಿಸಿದ.

"ಯಾರ್ಯಾರಿಗೆ ಗೊತ್ತು?"

"ಮೂರು ಜನಕ್ಕೆ."

"ಹಾಗಿದ್ರೆ ಭಾನುವಾರ ಸರಿ ಮಾಡು. ಎರಡೂ ತಂಡಕ್ಕೂ ಅದೇ ಗಜ ತಾನೇ? ಇದರಲ್ಲಿ ಮೋಸ ಎಲ್ಲಿ ಬಂತು?"

"ಗಜದಲ್ಲಿ ಬಂತು," ಎಂದ ಆರ್ಲನ್.

"ನೋಡು ಆರ್ಲನ್, ಕಪ್ ತಪ್ಪಿದ್ರೆ ಈ ಊರಲ್ಲಿ ನಿನ್ನ ಶವಪೆಟ್ಟಿಗೆ ಹೊರೋಕೆ ಆರು ಜನ ಸಿಗಲ್ಲ."

"ನಾಲ್ಕು ಜನಕ್ಕೆ ಆಗೋ ಹಾಗೆ ತೂಕ ಇಳಿಸ್ತೀನಿ."

ಶುಕ್ರವಾರ ಅವನು ಸರಪಳಿಗೆ ಕೊಂಡಿ ಸೇರಿಸಿ, ಹಳೆಯ ಗೆರೆಗಳ ಮೇಲೆ ಹಸಿರು ಬಣ್ಣ ಬಳಿದು, ಎರಡು ತುದಿಯ ಗೋಲಿನ ಪಟ್ಟಿಗಳೂ ಸೇರಿ ಹೊಸದಾಗಿ ನೂರಿಪ್ಪತ್ತು ಗಜ ಬರೆದ. ಲವೊನ್ ಬಕೆಟ್ ಹಿಡಿದಳು. "ಇನ್ನು ಈ ಊರಲ್ಲಿ ನಮ್ಮನ್ನ ಯಾರೂ ಊಟಕ್ಕೆ ಕರೆಯಲ್ಲ," ಎಂದಳು. ಆದರೂ ಬಕೆಟ್ ಕೆಳಗಿಡಲಿಲ್ಲ. ಬ್ಯಾಂಡಿನವರು ಶನಿವಾರ ಬಂದು ತಮ್ಮ ಜಾಗ ಹುಡುಕಿದರು.

ಟ್ರೆಂಟ್ ಮೂರು ಸಲ ನುಗ್ಗಿದ. ಒಂಬತ್ತು ಗಜ. ಒದ್ದರು. ಮತ್ತೆ ಒಂಬತ್ತು. ಒದ್ದರು. ಏಳಕ್ಕೆ ಆರರಂತೆ ನಾವು ಹಿಂದೆ. ಗಡಿಯಾರದಲ್ಲಿ ನಲವತ್ತು ಸೆಕೆಂಡು. ಚೆಂಡು ಮೈದಾನದ ನಡುವೆ, ಮೂರು ಓಟ ಮುಗಿದಿತ್ತು. ನಾನೂ ಆರ್ಲನ್ನೂ ಓಡಿಹೋಗಿ ಸರಪಳಿ ಬಿಗಿದೆವು. ಒಂದು ಗಜ ಕಡಿಮೆ. ಮೂರು ಸಾವಿರ ಜನ ಉಸಿರು ಹಿಡಿದರು, ಜೋಳದ ಹೊಲಗಳಲ್ಲಿ ಗಾಳಿ ನಿಂತಿತು. ಬರ್ನೆಲ್ ಅಪ್ಪನ ಪದ್ಧತಿ ಬಿಡದೆ ಒದೆಸಿದ. ಎದುರಾಳಿಗಳು ಚೆಂಡು ಅಪ್ಪಿಕೊಂಡು ಹೊತ್ತು ಕಳೆದರು. ಕಪ್ ಅವರ ಬಸ್ಸು ಹತ್ತಿತು.

ಬರ್ನೆಲ್ ಟೋಪಿ ನೆಲಕ್ಕೆ ಎಸೆದು ನಮ್ಮತ್ತ ಬಂದ. ಹಿಂದೆ ಅರ್ಧ ಊರು.

"ಒಂದು ಗಜ," ಎಂದ. "ಒಂದೇ ಒಂದು ಗಜ, ಆರ್ಲನ್. ಆ ಹುಡುಗರ ಮುಖ ನೋಡು. ಅದನ್ನ ಬಿಟ್ಟುಕೊಡೋಕೆ ಆಗ್ಲಿಲ್ವಾ ನಿನಗೆ?"

ಆರ್ಲನ್ ಸರಪಳಿಯನ್ನು ತೋಳಿಗೆ ಸುತ್ತಿಕೊಳ್ಳುತ್ತಾ ಟ್ರೆಂಟ್‌ನನ್ನು ಒಂದು ಗಳಿಗೆ ನೋಡಿದ.

"ಬರ್ನೆಲ್, ಆ ಹುಡುಗ ಒಂದು ಸಲಕ್ಕೆ ಮೂರು ಗಜ ಹೋಗ್ತಾನೆ. ನಿನಗೆ ಕೊಡೋದು ನಾಲ್ಕು ಸಲ. ಗುಣಿಸಿ ನೋಡಿದೀಯಾ ಯಾವತ್ತಾದ್ರೂ?"