ಸೊನ್ನೆ ಹಾಕಿದ ದಿನ

ಅತ್ತೆ, ಆವತ್ತು ಕಿವಿ ಡಾಕ್ಟರು ಹಾಗೆ ಹೇಳಲೇ ಇಲ್ಲ. ನರ ಒಣಗಿಹೋಗಿದೆ, ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಎಂದದ್ದು ನಾನು. ಅವರು ಹೇಳಿದ್ದು ಅದರ ಉಲ್ಟಾ. ಐದು ವರ್ಷದಿಂದ ನೀವು, ನಿಮ್ಮ ಮಗ, ನಿಮ್ಮ ಮೊಮ್ಮಗಳು ಸಿಂಚನ — ಮೂವರೂ ನಂಬಿಕೊಂಡು ಬಂದಿರುವುದು ನನ್ನ ಬಾಯಿಂದ ಬಂದ ಸುಳ್ಳನ್ನು.

ಬರೆದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದು ಹಾಕಿದೆ — ಸಿಂಚನಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳು. ಹರಿಯುವಾಗಲೂ ‘ಅಯ್ಯೋ, ಹಾಳೆ ದಂಡವಾಯಿತಲ್ಲ’ ಅನ್ನಿಸಿತು ನೋಡಿ. ಇಂಥವಳು ನಾನು. ನೀವು ಊಟ ಮುಗಿಸಿ ಒಳಗೆ ಮಲಗಿದ್ದೀರಿ. ಕುಕ್ಕರ್ ಮೂರು ಸಲ ಕೂಗಿತು, ನಿಮಗೆ ಎಚ್ಚರವಾಗಲಿಲ್ಲ. ಈ ಮಾತನ್ನು ಬಾಯಲ್ಲಿ ಹೇಳಬೇಕೆಂದರೆ ನಮ್ಮ ರಸ್ತೆಗೆಲ್ಲ ಕೇಳುವ ಹಾಗೆ ಕಿರುಚಬೇಕು. ಅಷ್ಟು ಧೈರ್ಯ ನನಗಿಲ್ಲ. ನೀವು ದಿನಾ ಪೇಪರು ಓದುತ್ತೀರಿ, ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಉಳಿಸುವ ರುಚಿ ಹತ್ತಿಸಿದವರು ನೀವೇ. ದೂರಿ ಹೇಳುತ್ತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಇವರ ಸಂಬಳ ಬಂದ ಹತ್ತೇ ದಿನಕ್ಕೆ ನನ್ನ ಕೈ ಖಾಲಿಯಾಗುತ್ತಿತ್ತು, ಮುಖ ಗಂಟಾಗುತ್ತಿತ್ತು. ನೀವು ಬೈಯಲಿಲ್ಲ. ಒಂದು ದಿನ ಬಚ್ಚಲಲ್ಲಿ ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸಿ, “ನೋಡವ್ವ, ಮಗೀನ ಬೆನ್ ಮ್ಯಾಲೆ ಹೊತ್ಕಂಡಂಗೈತೆ” ಎಂದು ನಕ್ಕಿರಿ. ನನಗೂ ನಗು ಬಂತು. ಅಲ್ಲಿಂದ ಶುರು. ಗುಬ್ಬಿಯ ನಮ್ಮ ತೋಟದಿಂದ ಬಂದ ತೆಂಗಿನ ಗರಿ ಸೀಳಿ ಇಬ್ಬರೂ ಜಗಲಿಯಲ್ಲಿ ಕೂತು ಪೊರಕೆ ಕಟ್ಟಿದೆವು. ನಿಮ್ಮ ಹಳೆ ಸೀರೆ ಕಿಟಕಿಗೆ ಪರದೆಯಾಯಿತು, ಪರದೆ ಹರಿದ ಮೇಲೆ ಕೈ ಒರೆಸುವ ಬಟ್ಟೆ, ಅದೂ ಹರಿದ ಮೇಲೆ ನೆಲ ಒರೆಸುವ ಬಟ್ಟೆ. ಬಸ್ ಸ್ಟ್ಯಾಂಡಿನಿಂದ ಸದಾಶಿವನಗರದ ಮನೆಗೆ ಆಟೋ ಹತ್ತದೆ ನಡೆದು ಬರುವಾಗ, ಉಳಿದ ದುಡ್ಡಿಗೆ ಕಡಲೆಕಾಯಿ ತಿನ್ನೋಣವೇ ಎಂದು ಚರ್ಚೆ ಮಾಡಿ, ಕೊನೆಗೆ ತಿನ್ನದೆ ಅದನ್ನೂ ಉಳಿಸಿ — ದಾರಿಯುದ್ದಕ್ಕೂ ಹುಚ್ಚರ ಹಾಗೆ ನಗುತ್ತಿದ್ದೆವಲ್ಲ, ನೆನಪಿದೆಯೇ?

ಒಂದು ಪೈಸೆಯೂ ಖರ್ಚಾಗದ ದಿನಕ್ಕೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಒಂದು ಸೊನ್ನೆ. ಅದು ನನ್ನ ಐಡಿಯಾ. ಸಂಜೆ ದೀಪ ಹಚ್ಚಿದ ಮೇಲೆ ನೀವು ಕೇಳುತ್ತಿದ್ದಿರಿ, “ಇವತ್ ಸೊನ್ನೆ ಹಾಕ್ದಾ?” ಹಾಕಿದೆ ಎಂದರೆ ನಿಮ್ಮ ಮುಖ ಅರಳುತ್ತಿತ್ತು. ತಿಂಗಳ ಕೊನೆಗೆ ಆ ಹಾಳೆಯ ತುಂಬ ಕೆಂಪು ಸೊನ್ನೆ ನೋಡುವ ಖುಷಿ — ಆ ಖುಷಿ ಸುಳ್ಳಲ್ಲ ಅತ್ತೆ. ಇಷ್ಟೆಲ್ಲ ಆದ ಮೇಲೂ ಅದು ಸುಳ್ಳೆಂದು ಹೇಳಲು ಬಾಯಿ ಬರುವುದಿಲ್ಲ. ಆದರೆ ಆಟವಾಗಿದ್ದದ್ದು ಯಾವಾಗ ಬೇರೆ ಏನೋ ಆಯಿತು, ಯಾವಾಗ ನಿಮ್ಮನ್ನು ಬಿಟ್ಟು ನಾನೊಬ್ಬಳೇ ಆಡತೊಡಗಿದೆ —

ಡಾಕ್ಟರ ದಿನಕ್ಕೆ ಬರುತ್ತೇನೆ. ತಪ್ಪಿಸಿಕೊಂಡು ತಪ್ಪಿಸಿಕೊಂಡು ಬರೆಯುತ್ತಿದ್ದೇನೆ.

ನಿಮ್ಮನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದಿದ್ದರು. ಹೊರಗೆ ಬಂದಾಗ ನೀವು ಮಗುವಿನ ಹಾಗೆ ಹೇಳಿದಿರಿ, “ಗುಬ್ಬಚ್ಚಿ ಕೂಗ್ದಂಗಾಯ್ತು ಕಣೆ ಮಂಜುಳಾ!” ಡಾಕ್ಟರು ನನ್ನನ್ನೇ ನೋಡಿಕೊಂಡು ಹೇಳಿದರು: “ಎರಡೂ ಕಿವಿಗೆ ಮಿಷನ್ ಹಾಕ್ಸಿ, ಚೆನ್ನಾಗಿ ಕೇಳ್ಸುತ್ತೆ. ತಡ ಮಾಡ್ಬೇಡಿ. ಕೇಳೋ ಅಭ್ಯಾಸ ಒಂದ್ಸಲ ತಪ್ಪೋದ್ರೆ ಆಮೇಲೆ ಏನ್ ಹಾಕಿದ್ರೂ ಮಾತು ಬಿಡಿಸ್ಕೊಳ್ಳೋದು ಕಷ್ಟ ಆಗುತ್ತೆ.” ಆಮೇಲೆ ಮಿಷನ್ನಿನ ರೇಟು ಹೇಳಿದರು.

ಬಡತನವಿತ್ತೇ? ಇರಲಿಲ್ಲ. ಸಾಲವಿತ್ತೇ? ಅದೂ ಇಲ್ಲ. ಇವರಿಗೆ ಗುಬ್ಬಿಯಲ್ಲಿ ಕೆಲಸ, ತಿಂಗಳಿಗೆ ಸರಿಯಾಗಿ ಸಂಬಳ, ತೋಟದ ಕಾಯಿ ದುಡ್ಡು ಬೇರೆ. ಬ್ಯಾಂಕಿನಲ್ಲಿ ನನ್ನ ಎಫ್‌ಡಿ ಒಂದಿತ್ತು. ಇನ್ನು ಸ್ವಲ್ಪ ಸೇರಿಸಿದ್ದರೆ ದುಂಡನೆಯ ಅಂಕಿ ಆಗುತ್ತಿತ್ತು. ಅಷ್ಟೇ ಅತ್ತೆ. ಮನೆ ಕಟ್ಟುವುದಕ್ಕಲ್ಲ, ಮಗಳ ಮದುವೆಗಲ್ಲ — ಆ ಅಂಕಿ ದುಂಡಗಾಗುವುದನ್ನು ನೋಡುವ ಆಸೆಗೆ. ಥೂ, ಬರೆಯಲೂ ನಾಚಿಕೆಯಾಗುತ್ತದೆ.

ಹೊರಗೆ ರಸ್ತೆಯಲ್ಲಿ ನನ್ನ ಸೆರಗು ಹಿಡಿದು ಕೇಳಿದಿರಿ, “ಏನಂದ್ರವ್ವ ಡಾಕ್ಟ್ರು?” ನಾನು ನಿಮ್ಮ ಕಿವಿಗೆ ಬಾಯಿಟ್ಟು ಕೂಗಿದೆ: “ನರ ಒಣಗಿದೆಯಂತೆ ಅತ್ತೆ. ಮಿಷನ್ ಹಾಕಿದ್ರೂ ಕೇಳ್ಸಲ್ವಂತೆ.” ಪಕ್ಕದ ಎಳನೀರಿನವನು ತಿರುಗಿ ನೋಡಿದ. ನೀವು ಹಿಡಿದಿದ್ದ ಸೆರಗು ಬಿಟ್ಟಿರಿ. ಆಮೇಲೆ ನನ್ನ ಬೆನ್ನು ಸವರಿ, “ಹೋಗ್ಲಿ ಬುಡು, ದುಡ್ಡಾದ್ರೂ ಉಳೀತು. ನೀನ್ಯಾಕೆ ಮಕ ಸಪ್ಪಗ್ ಮಾಡ್ಕಂಡಿದೀಯ?” ಎಂದಿರಿ. ಸಮಾಧಾನ ಹೇಳಿದ್ದು ನೀವು — ನನಗೆ! ನನ್ನ ಬಾಯಿಗೆ ಮಣ್ಣು ಬೀಳ.

ಇನ್ನೊಂದು ಇದೆ. ಅವತ್ತು ಡಾಕ್ಟರಿಗೆ ಫೀಸು ಕೊಟ್ಟಿದ್ದೆವು, ಲೆಕ್ಕದ ಪ್ರಕಾರ ಸೊನ್ನೆ ಹಾಕುವ ಹಾಗಿರಲಿಲ್ಲ. ಆದರೂ ಹಾಕಿದೆ. ದೊಡ್ಡ ಗಂಟೇ ಉಳಿಯಿತಲ್ಲ ಎಂದು.

ಕೇಳಿದ್ದರೆ ನೀವೇ ಬೇಡ ಅನ್ನುತ್ತಿದ್ದಿರಿ ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಅದೂ ಕಳ್ಳ ಮಾತು. ನಾನು ಕೇಳಲೇ ಇಲ್ಲ. ಎಲ್ಲಿ ಹೂಂ ಅಂದುಬಿಡುತ್ತೀರೋ ಎಂಬ ಹೆದರಿಕೆಗೆ ಕೇಳಲಿಲ್ಲ.

ಆಮೇಲೆ ಮನೆ ಹೇಗಾಯಿತೆಂದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಸಿಂಚನ ಸ್ಕೂಲಿಂದ ಬಂದು ಬ್ಯಾಗು ಎಸೆದು ಮೊದಲು ನಿಮ್ಮ ಹತ್ತಿರ ಓಡುತ್ತಿದ್ದವಳು. ಒಂದು ದಿನ ನನಗೆ ಹೇಳಿದಳು, “ಅಜ್ಜಿಗ್ ಹೇಳಿ ಏನ್ ಪ್ರಯೋಜನ ಅಮ್ಮಾ, ಸುಮ್ನೆ ತಲೆ ಆಡಿಸ್ತಾರೆ.” ಸೋಮವಾರದ ಭಜನೆಗೆ ಹೋಗುವುದನ್ನು ನೀವು ಬಿಟ್ಟಿರಿ, ತಾಳ ತಪ್ಪುತ್ತೆ, ಎಲ್ಲರೂ ನೋಡ್ತಾರೆ ಎಂದಿರಿ. ಹುಲಿಯೂರುದುರ್ಗದಿಂದ ನಿಮ್ಮ ತಂಗಿ ಫೋನ್ ಮಾಡಿದ ದಿನ — ಆಕೆ ಏನೋ ಹೇಳುತ್ತಲೇ ಇದ್ದರು, ನೀವು “ಹೂಂ, ಚೆನ್ನಾಗಿದೀನಿ, ಹೂಂ” ಅನ್ನುತ್ತಲೇ ಇದ್ದಿರಿ. ಇಟ್ಟ ಮೇಲೆ ನನ್ನನ್ನು ಕೇಳಿದಿರಿ, ಏನಂದ್ಲು ಎಂದು. ನಾನು ಪಾತ್ರೆ ತೊಳೆಯುತ್ತಿದ್ದೆ, ಕೇಳಿಸಿಕೊಂಡಿರಲಿಲ್ಲ. “ಚೆನ್ನಾಗಿದಾರಂತೆ” ಎಂದು ಕೂಗಿಬಿಟ್ಟೆ. ಅದೇ ವಾರ ಅವರು ತೀರಿಕೊಂಡರು. ಆಕೆ ನಿಮಗೆ ಏನು ಹೇಳಿದರೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಇದರ ನಡುವೆ ನನಗೆ ಹೆಸರು ಬೇರೆ. ನಮ್ಮ ಮಹಿಳಾ ಸಂಘದವರಿಗೆ ಉಳಿತಾಯ ಅಂದರೆ ಮಂಜುಳಕ್ಕ. ಹೊಸದಾಗಿ ಸೇರಿದವರಿಗೆಲ್ಲ ನನ್ನ ಕ್ಯಾಲೆಂಡರು ತೋರಿಸುತ್ತಾರೆ. ಹೋದ ತಿಂಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಖುಷಿಯಾಗಿ ಉಳಿಸುವುದು ಹೇಗೆ ಅಂತ ಹೇಳಿ ಎಂದರು. ಹೇಳಿದೆ. ಸೋಪಿನ ಕಥೆ, ಪೊರಕೆ ಕಥೆ. ನೀವು ಮುಂದಿನ ಸಾಲಿನಲ್ಲಿ ಕೂತಿದ್ದಿರಿ. ಒಂದು ಅಕ್ಷರ ಕೇಳಿಸದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟುವುದನ್ನು ನೋಡಿ ನೀವೂ ತಟ್ಟಿದಿರಿ, ಎಲ್ಲರಿಗಿಂತ ಜೋರಾಗಿ. ಮೈಯೆಲ್ಲ ಉರಿದುಹೋಯಿತು ನನಗೆ. ಮನೆಗೆ ಬಂದು ವಿನಾಕಾರಣ ನಿಮ್ಮ ಮೇಲೆ ರೇಗಿದೆ, ಚಾಪೆ ಯಾಕೆ ಮಡಚಿಲ್ಲ ಎಂದು. ಅದೂ ನಿಮಗೆ ಕೇಳಿಸಲಿಲ್ಲ.

ನಿಜ ಹೇಳಲೇ? ನನಗೆ ನಿಮ್ಮ ಮೇಲೂ ಸಿಟ್ಟಿದೆ. ಯಾಕೆ ನೀವು ಒಂದು ಸಲವೂ ಅನುಮಾನ ಪಡಲಿಲ್ಲ? ಇನ್ನೊಬ್ಬ ಡಾಕ್ಟರಿಗೆ ತೋರಿಸು ಎಂದು ಯಾಕೆ ಜಗಳ ಆಡಲಿಲ್ಲ? ಬೇರೆ ಅತ್ತೆಯಂದಿರು ಸೊಸೆ ಕೊಟ್ಟ ಕಾಫಿಯನ್ನೂ ನಂಬುವುದಿಲ್ಲ. ನೀವು ನೋಡಿದರೆ —

ಕಳೆದ ಸೋಮವಾರಕ್ಕೆ ಬರುತ್ತೇನೆ.

ಬೆಳಿಗ್ಗೆ ನಿಮ್ಮ ಟ್ರಂಕಿನಿಂದ ಹಳದಿ ಬಟ್ಟೆಯ ಗಂಟು ತೆಗೆದು ತೋರಿಸಿ, “ಯಡಿಯೂರಿಗ್ ಹೋಗಣ ನಡಿ, ಮುಡುಪು ಒಪ್ಸಬೇಕು” ಎಂದಿರಿ. ಯಾವಾಗ ಕಟ್ಟಿದ್ದು, ಯಾತಕ್ಕೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಕಿವಿ ಮುಟ್ಟಿ ತೋರಿಸಿದಿರಿ. “ಡಾಕ್ಟ್ರ ಕೈಲಿ ಆಗ್ದಿದ್ರೆ ಸ್ವಾಮಿ ಕೈಲೂ ಆಗಲ್ವ? ಪಿಂಚಣಿ ಬಂದಾಗೆಲ್ಲ ಒಂದಷ್ಟ್ ಹಾಕ್ತಾ ಬಂದೆ. ಸಿಂಚನನ ಮಾತು ಕೇಳ್ಸಿದ್ರೆ ಸಾಕು ಅಂತ ಬೇಡ್ಕಂಡಿವ್ನಿ.” ಹೊಸ ಕನ್ನಡಕ ಬೇಡ, ಚಪ್ಪಲಿ ಬೇಡ ಎಂದು ನೀವು ಹಟ ಹಿಡಿದದ್ದೆಲ್ಲ ಇದಕ್ಕೇ ಎಂದು ಆಗ ಗೊತ್ತಾಯಿತು. ನಾನು ನಿಮ್ಮ ಕಿವಿಯ ದುಡ್ಡು ಉಳಿಸುತ್ತಿದ್ದಾಗ ನೀವು ಅದೇ ಕಿವಿಗೆ ದುಡ್ಡು ಉಳಿಸುತ್ತಿದ್ದಿರಿ. ಒಂದೇ ಮನೆಯಲ್ಲಿ.

ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿ ಯಡಿಯೂರು ಸೇರುವವರೆಗೂ ಆ ಗಂಟು ನಿಮ್ಮ ಮಡಿಲಲ್ಲಿತ್ತು. ಮುಡುಪಿನ ದುಡ್ಡು ಕಟ್ಟಿದ ಕ್ಷಣದಿಂದ ದೇವರದು, ಬೇರೆ ಯಾವುದಕ್ಕೂ ಮುಟ್ಟುವ ಹಾಗಿಲ್ಲ. ಹೇಳಬಹುದಿತ್ತು. ಒಂದೇ ಮಾತು — ಬೇಡ ಅತ್ತೆ, ಬಿಚ್ಚಬೇಡಿ, ಡಾಕ್ಟರ ಕೈಲಿ ಆಗುತ್ತದೆ. ಬಸ್ಸಿನ ತುಂಬ ಜನ. ಕೂಗಬೇಕಿತ್ತು. ಕೂಗಲಿಲ್ಲ.

ಹುಂಡಿಯ ಬಾಯಲ್ಲಿ ಗಂಟು ಹಿಡಿಸಲಿಲ್ಲ. ನೀವು ಬಿಚ್ಚಿ ನೋಟು ಒಂದೊಂದಾಗಿ ಮಡಚಿ ಹಾಕತೊಡಗಿದಿರಿ, “ನೀನೂ ತಳ್ಳವ್ವ” ಎಂದಿರಿ. ತಳ್ಳಿದೆ. ಸುಮಾರು ಮಿಷನ್ನಿನ ದುಡ್ಡೇ ಅದು. ನಿಮ್ಮ ಮಿಷನ್ನನ್ನು ನನ್ನ ಕೈಯಾರೆ ತಳ್ಳಿದೆ. ಆಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಪಾಪ ಅತ್ತೆ ಎಂದಲ್ಲ, ತಪ್ಪು ಮಾಡಿದೆ ಎಂದೂ ಅಲ್ಲ. ಅಯ್ಯೋ, ಇಷ್ಟೊಂದು ದುಡ್ಡು ಹೋಯಿತಲ್ಲ — ಎಂದು. ದೇವರ ಎದುರಿಗೆ ನಿಂತು ಈ ಯೋಚನೆ. ಇದನ್ನು ಬರೆಯದಿದ್ದರೆ ಈ ಕಾಗದವೂ ಸುಳ್ಳಾಗುತ್ತದೆ.

ಆಮೇಲೆ ನೀವು ಗಂಟೆಯ ಕೆಳಗೆ ಹೋಗಿ ನಿಂತು ಕಣ್ಣು ಮುಚ್ಚಿಕೊಂಡಿರಿ. “ಹೊಡಿ” ಎಂದಿರಿ. ಹೊಡೆದೆ. ಪಕ್ಕದಲ್ಲಿದ್ದ ಮಗು ಕಿವಿ ಮುಚ್ಚಿಕೊಂಡಿತು. ನೀವು ಕಣ್ಣು ಮುಚ್ಚಿಕೊಂಡೇ ಕೇಳಿದಿರಿ, “ಹೊಡುದ್ಯಾ?” ನಾನು ಮತ್ತೆ ಹೊಡೆದೆ. ಕಣ್ಣು ಬಿಟ್ಟು, ಕೈ ಎತ್ತಿ ಗಂಟೆ ಮುಟ್ಟಿ ನೋಡಿದಿರಿ. “ಆಡ್ತಾ ಐತೆ ಬುಡು. ಬೆರಳಿಗ್ ಗೊತ್ತಾಯ್ತೈತೆ” ಎಂದು ನಕ್ಕಿರಿ. ಅಲ್ಲಿಂದ ಮನೆ ತಲುಪುವವರೆಗೆ ನಾನು ನಿಮ್ಮ ಮುಖ ನೋಡಲಿಲ್ಲ.

ಮಾರನೆಯ ದಿನ ಎಫ್‌ಡಿ ಮುರಿಸಿದೆ. ನಿನ್ನೆ ನಿಮ್ಮನ್ನು ಮತ್ತೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಕೋಣೆಗೆ ಹೋಗುವ ಮುಂಚೆ ನೀವು ಕೇಳಿದಿರಿ, “ಒಣಗೋಗಿರ ನರಕ್ಕೆ ಮತ್ಯಾಕವ್ವ ದುಡ್ ಹಾಕ್ತೀಯ?” ಅದಕ್ಕೆ ಉತ್ತರ ಈ ಕಾಗದ. ಈ ಸಲ ನೀವು ಗುಂಡಿ ಒತ್ತಿದ್ದು ತೀರಾ ಕಡಿಮೆ. ಡಾಕ್ಟರು ಹಳೆಯ ಚೀಟಿ ನೋಡಿ, “ಐದು ವರ್ಷ ಏನ್ಮಾಡ್ತಿದ್ರಿ?” ಎಂದರು. ಶಬ್ದ ಕೇಳಿಸುತ್ತದಂತೆ, ಮಾತು ಎಷ್ಟು ತಿಳಿಯುತ್ತದೋ ಹೇಳಲು ಆಗುವುದಿಲ್ಲವಂತೆ. ಇದು ನಿಜವಾಗಿಯೂ ಅವರು ಹೇಳಿದ ಮಾತು. ಬೇಕಾದರೆ ಅವರ ಕೈಲೇ ಬರೆಸಿಕೊಂಡು ಬರುತ್ತೇನೆ.

ಗುರುವಾರ ಮಿಷನ್ ಬರುತ್ತದೆ. ಬಂದ ಮೇಲೆ ಹೇಳೋಣ ಎಂದು ಮನಸ್ಸು ಎಳೆಯಿತು. ಆದರೆ ನನಗೆ ನಿಮ್ಮನ್ನು ಗೊತ್ತು. ಒಂದಿಷ್ಟು ಕೇಳಿಸಿದರೂ ಸ್ವಾಮಿ ಕಣ್ಣು ಬಿಟ್ಟ ಅನ್ನುತ್ತೀರಿ, ನನ್ನ ತಲೆ ಮೇಲೆ ಕೈಯಿಟ್ಟು ಹಾರೈಸುತ್ತೀರಿ, ಆ ಖುಷಿಯಲ್ಲಿ ನನ್ನನ್ನು ಕ್ಷಮಿಸಿಯೂ ಬಿಡುತ್ತೀರಿ. ಅಷ್ಟು ಅಗ್ಗಕ್ಕೆ ನನಗೆ ಬೇಡ. ಅದಕ್ಕೇ ಇವತ್ತು. ನಿಮ್ಮ ಮಗನಿಗೂ ಇನ್ನೂ ಹೇಳಿಲ್ಲ. ಮೊದಲು ನಿಮಗೆ, ಸಂಜೆ ಅವರಿಗೆ. ಓದಿ ಬೈಯಿರಿ ಅತ್ತೆ. ‘ಹೋಗ್ಲಿ ಬುಡು’ ಅಂತ ಮಾತ್ರ ಅನ್ನಬೇಡಿ.

ಎದ್ದಿರಿ. ಅಡುಗೆಮನೆ ಬಾಗಿಲಲ್ಲಿ ನಿಂತು ಗಾಳಿಯಲ್ಲಿ ಬೆರಳಿನಿಂದ ಸೊನ್ನೆ ಬರೆದು ತೋರಿಸುತ್ತಿದ್ದೀರಿ, ಇವತ್ತು ಹಾಕಿದೆಯಾ ಎಂದು. ಇಲ್ಲ ಎಂದು ತಲೆ ಆಡಿಸಿದೆ. ನಿಮ್ಮ ಕನ್ನಡಕ ತಂದುಕೊಟ್ಟು, ಈ ಕಾಗದ ನಿಮ್ಮ ಕೈಗಿಟ್ಟು, ನಿಮ್ಮ ಎದುರಿಗೇ ಕೂರುತ್ತೇನೆ. ಎದ್ದು ಹೋಗುವುದಿಲ್ಲ.

ಗುರುವಾರ ಮಿಷನ್ ಕಿವಿಗೆ ಕೂತ ಮೇಲೆ ಇದರ ಮೊದಲ ಸಾಲನ್ನು ಬಾಯಿಬಿಟ್ಟು ಹೇಳುತ್ತೇನೆ, ಕೂಗದೆ, ಮಾಮೂಲಿ ದನಿಯಲ್ಲಿ. ತಿಳಿಯದಿದ್ದರೆ ಇನ್ನೊಂದು ಸಲ ಹೇಳುತ್ತೇನೆ. ತಿಳಿಯುವವರೆಗೂ ಹೇಳುತ್ತೇನೆ.