ಬಾವಿಗೆ ಇಳಿಸಿದ ತಂತಿ

ಸಂಕೇಶ್ವರದ ಜೈನ ವ್ಯಾಪಾರಿಯೊಬ್ಬರ ಮನೆಗೆ ರೇಡಿಯೋ ಕೂಡಿಸಲು ಹೋಗಿದ್ದೆ. ಯುದ್ಧದ ಬಾತ್ಮಿ ಕೇಳಲು ಇಡೀ ಓಣಿಯೇ ಪಡಸಾಲೆಗೆ ಬಂದು ಕೂತಿತ್ತು. ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ಏರಿಯಲ್ ಕಟ್ಟಿದೆ. ಅರ್ಥಿಂಗಿಗೆ ಇನ್ನೊಂದು ತಂತಿಗೆ ತಾಮ್ರದ ತಗಡು ಕಟ್ಟಿ ಹಸಿ ನೆಲದಲ್ಲಿ ಹೂಳಬೇಕು; ಇಲ್ಲದಿದ್ದರೆ ಬರೀ ಗೊರಗೊರ. ನಾನು ಗುದ್ದಲಿ ಎತ್ತಿದ್ದೇ ತಡ, ಮನೆಯ ಅಜ್ಜಿ ಅಡ್ಡ ಬಂದರು.

“ಚಾತುರ್ಮಾಸ ಐತಿ. ಮಳಿಗಾಲದಾಗ ನೆಲ ಅಗದ್ರ ಎಷ್ಟು ಹುಳ ಸಾಯ್ತಾವು!”

ಕೆಲಸ ಅರ್ಧಕ್ಕೆ ಬಿಟ್ಟು ಹೋಗುವ ಪೈಕಿ ನಾನಲ್ಲ. “ಅಗಿಯೂದಿಲ್ರಿ. ತಗಡು ಬಾವ್ಯಾಗ ಬಿಡ್ತೇನಿ,” ಎಂದೆ.

ನೀರು ಸೋಸಿದ ಅರಿವೆಯನ್ನು ಬಾವಿಯಲ್ಲೇ ಜಾಲಿಸಿ, ಅದರೊಳಗಿನ ಜೀವಗಳನ್ನು ಮರಳಿ ಬಿಡುವವರು ಆ ಅಜ್ಜಿ. ತಗಡನ್ನು ನನ್ನಿಂದ ಮೂರು ಸಲ ತೊಳೆಸಿದರು. “ಸಾವಕಾಶ ಬಿಡೋ, ಒಂದಕ್ಕೂ ಪೆಟ್ಟಾಗಬಾರದು.” ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಇಳಿಸಿದೆ.

ರೇಡಿಯೋ ಸ್ವಚ್ಛ ಮಾತಾಡಿತು. ಓಣಿ ಹಿಗ್ಗಿತು. ಅಜ್ಜಿ ಮಾತ್ರ ನನ್ನ ಕಡೆ ತಿರುಗಿದರು.

“ದಿಲ್ಲಿ ಮಾತು ಕೇಳಿಸಿದಿ, ಖರೆ. ತಗಡು ಇಳದಾಗ ಬಾವ್ಯಾಗಿನ ಜೀವ ಏನಂದ್ವು? ಅದನ್ನೂ ಹಚ್ಚು.”

ಆ ಸ್ಟೇಷನ್ ಹಿಡಿಯುವ ಏರಿಯಲ್ ಕಟ್ಟಲು ನನಗೆ ಇವತ್ತಿಗೂ ಬಂದಿಲ್ಲ.